ಫಾರ್ಮ್ಯಾಟ್‌ಗೆ ಮುಂಚೆ ಟಾರ್ಚ್ ಹಚ್ಚಿ

ವಿಜಯಪುರದ ಯಾವುದೇ ಕಂಪ್ಯೂಟರ್ ರಿಪೇರಿ ಅಂಗಡಿಯ ಮುಂದೆ ಅರ್ಧ ತಾಸು ನಿಂತರೆ ಎರಡು ಮಾತು ಕಿವಿಗೆ ಬೀಳುವುದು ಖಾತ್ರಿ. ಬಂದವರು ಹೇಳುವುದು: "ಸ್ಕ್ರೀನ್ ಹೋಗೈತ್ರಿ." ಒಳಗಿನಿಂದ ಬರುವ ಉತ್ತರ: "ಬಿಟ್ಟ ಹೋಗ್ರಿ, ಫಾರ್ಮ್ಯಾಟ್ ಹೊಡದ ಇಟ್ಟಿರ್ತೀನಿ." ಹೋಗಿರುವುದು ಸ್ಕ್ರೀನೇ ಹೌದೋ ಅಲ್ಲವೋ ಎಂದು ಯಾರೂ ನೋಡಿರುವುದಿಲ್ಲ. ಸ್ಕ್ರೀನ್ ಹೋಗಿದ್ದರೆ ಫಾರ್ಮ್ಯಾಟ್ ಮಾಡಿ ಏನು ಸಾಧಿಸಿದಂತಾಯಿತು ಎಂದು ಯಾರೂ ಕೇಳಿರುವುದಿಲ್ಲ. ಲ್ಯಾಪ್‌ಟಾಪ್ ಬಿಚ್ಚುವ, ಜೋಡಿಸುವ ಹುಚ್ಚು ಹಿಡಿದವರಿಗೆ ಸ್ವಾರಸ್ಯವೆಲ್ಲ ಇರುವುದು ಈ ಎರಡು ಮಾತುಗಳ ನಡುವೆ. ದೋಷ ಹುಡುಕುವುದಕ್ಕೆ ಒಂದು ಕ್ರಮವಿದೆ. ಖರ್ಚಿಲ್ಲದ ಪರೀಕ್ಷೆ ಮೊದಲು, ಖರ್ಚಿನದು ಆಮೇಲೆ, ಮಾಡಿದ ಮೇಲೆ ಹಿಂದಕ್ಕೆ ಬರಲಾಗದ್ದು ಎಲ್ಲಕ್ಕಿಂತ ಕೊನೆಗೆ. ಫಾರ್ಮ್ಯಾಟ್ ಈ ಕೊನೆಯ ಸಾಲಿಗೆ ಸೇರಿದ್ದು.

ತೆರೆ ಕಪ್ಪಾಗಿದ್ದರೆ ಮೊದಲು ಕಿವಿಗೆ ಕೆಲಸ ಕೊಡಿ. ಪವರ್ ಬಟನ್ ಒತ್ತಿದಾಗ ಫ್ಯಾನ್ ತಿರುಗುವ ಸದ್ದು ಬರುತ್ತದೆಯೇ? ಕ್ಯಾಪ್ಸ್ ಲಾಕ್ ಒತ್ತಿದರೆ ಅದರ ದೀಪ ಹತ್ತಿ ಆರುತ್ತದೆಯೇ? ಹೌದಾದರೆ ಯಂತ್ರ ಎಚ್ಚರವಾಗಿದೆ, ಚಿತ್ರ ತೆರೆಗೆ ಬರುವ ದಾರಿಯಲ್ಲಿ ಎಲ್ಲೋ ತಡೆಯಿದೆ. ಬೆಳಕು ಹೆಚ್ಚಿಸುವ ಕೀಯನ್ನು ಒಮ್ಮೆ ಒತ್ತಿ ನೋಡಿ. ಆಗಲಿಲ್ಲವೇ, ಕೋಣೆಯ ಕಿಟಕಿ ಬಾಗಿಲು ಮುಚ್ಚಿ ಮೊಬೈಲ್ ಟಾರ್ಚ್ ಹಚ್ಚಿ, ತೆರೆಗೆ ತೀರ ಹತ್ತಿರ ಹಿಡಿದು ಬೆಳಕನ್ನು ಓರೆಯಾಗಿ ಬಿಡಿ. ಕಣ್ಣು ಒಗ್ಗಿದ ಮೇಲೆ ಆ ಕತ್ತಲೆಯೊಳಗೆ ಲಾಗಿನ್ ಪುಟದ ಗಡಿಯಾರ, ಹೆಸರು, ಹಿನ್ನೆಲೆಯ ಚಿತ್ರ ಮಸುಕಾಗಿ ಕಂಡರೆ ಅರ್ಧ ಉತ್ತರ ಸಿಕ್ಕಂತೆ. ಎಲ್‌ಸಿಡಿ ಪ್ಯಾನೆಲ್‌ಗೆ ಸ್ವಂತ ಬೆಳಕಿಲ್ಲ. ಚಿತ್ರ ಅದರದು, ಬೆಳಕು ಹಿಂದಿನ ಬ್ಯಾಕ್‌ಲೈಟ್‌ನದು. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಅಲ್ಲಿ ಬಳಪದಷ್ಟೂ ದಪ್ಪವಿಲ್ಲದ ಟ್ಯೂಬ್ ಇರುತ್ತಿತ್ತು, ಅದನ್ನು ಬೆಳಗಿಸಲು ಪುಟ್ಟ ಇನ್ವರ್ಟರ್ ಬೋರ್ಡ್ ಇರುತ್ತಿತ್ತು. ಈಗ ಎಲ್‌ಇಡಿಗಳ ಸಾಲು ಇದೆ. ಮಸುಕು ಚಿತ್ರ ಕಂಡರೆ ಆ ಬೆಳಕೋ, ಅದಕ್ಕೆ ವಿದ್ಯುತ್ ಒಯ್ಯುವ ದಾರಿಯೋ ಕೆಟ್ಟಿದೆ. ನಿಮ್ಮ ಫೈಲ್‌ಗಳಿಗೂ ಇದಕ್ಕೂ ಸಂಬಂಧವಿಲ್ಲ. ಓಎಲ್‌ಇಡಿ ತೆರೆಗೆ ಮಾತ್ರ ಈ ಪರೀಕ್ಷೆ ನಡೆಯದು, ಅದು ತಾನೇ ಬೆಳಗುವಂಥದ್ದು.

ಎರಡನೆಯ ಪರೀಕ್ಷೆಗೆ ಮನೆಯ ಟಿವಿ ಸಾಕು. ಎಚ್‌ಡಿಎಂಐ ಕೇಬಲ್ ಹಾಕಿ, ವಿಂಡೋಸ್ ಕೀ ಹಿಡಿದು ಪಿ ಒತ್ತಿ. ಟಿವಿಯಲ್ಲಿ ಚಿತ್ರ ಸ್ವಚ್ಛವಾಗಿ ಬಂದರೆ ಮದರ್‌ಬೋರ್ಡ್, ಗ್ರಾಫಿಕ್ಸ್, ವಿಂಡೋಸ್ ಮೂರೂ ಬಹುಮಟ್ಟಿಗೆ ನೆಟ್ಟಗಿವೆ, ಉಳಿದದ್ದು ಪ್ಯಾನೆಲ್ ಮತ್ತು ಅದರ ಕೇಬಲ್. ಲ್ಯಾಪ್‌ಟಾಪಿನ ತೆರೆಯಲ್ಲಿ ಗೆರೆ, ಬಣ್ಣದ ಕಲೆ ಇದ್ದು ಟಿವಿಯಲ್ಲೂ ಅದೇ ಕಂಡರೆ ಗ್ರಾಫಿಕ್ಸ್ ಚಿಪ್ ಅಥವಾ ಅದರ ಡ್ರೈವರ್ ಮೇಲೆ ಸಂಶಯ ಪಡಬೇಕು. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಈ ನಾಲ್ಕನ್ನು ಒಟ್ಟಿಗೆ ಒತ್ತಿದರೆ ಒಂದು ಬೀಪ್ ಬಂದು, ತೆರೆ ಮಿನುಗಿ, ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಚಾಲೂ ಆಗುತ್ತದೆ. ತೆರೆದ ಫೈಲ್ ಹೋಗುವುದಿಲ್ಲ. ಡೆಲ್ ಲ್ಯಾಪ್‌ಟಾಪ್ ಇದ್ದವರಿಗೆ ಇನ್ನೊಂದು ಸೌಕರ್ಯವಿದೆ. ಡಿ ಕೀ ಹಿಡಿದು ಪವರ್ ಒತ್ತಿದರೆ ವಿಂಡೋಸ್ ಏಳುವ ಮುಂಚೆಯೇ ತೆರೆಯ ತುಂಬ ಒಂದಾದ ಮೇಲೊಂದು ಬಣ್ಣ ಬರುತ್ತದೆ. ಆ ಬಣ್ಣಗಳ ಮೇಲೂ ಗೆರೆ ಕಂಡರೆ ಎಷ್ಟು ಫಾರ್ಮ್ಯಾಟ್ ಹೊಡೆದರೂ ಅದು ಅಳಿಸದು.

ಮುಚ್ಚಳ ಹಿಂದೆ ಮುಂದೆ ಮಾಡಿದಾಗ ಚಿತ್ರ ಬಂದು ಹೋಗಿ ಮಾಡುತ್ತಿದ್ದರೆ ಕೇಬಲ್ ನೋಡಬೇಕು. ಮದರ್‌ಬೋರ್ಡಿನಿಂದ ಪ್ಯಾನೆಲ್‌ಗೆ ಹೋಗುವ ಆ ತೆಳು ತಂತಿಗಳ ಕಟ್ಟು ಹಿಂಜ್‌ನ ಒಳಗೆ ಹಾದು ಹೋಗುತ್ತದೆ. ಒಂದೇ ಕೈಯಿಂದ ಸ್ಕ್ರೀನಿನ ಮೂಲೆ ಹಿಡಿದು ಎತ್ತುವುದು, ಬಬಲೇಶ್ವರದಿಂದ ಬೈಕ್ ಮೇಲೆ ಬರುವಾಗ ಬ್ಯಾಗಿನಲ್ಲಿ ಚಾರ್ಜರನ್ನು ಲ್ಯಾಪ್‌ಟಾಪ್ ಮೇಲೆಯೇ ಒತ್ತಿ ತುಂಬುವುದು, ಇವೆರಡೂ ಹಿಂಜನ್ನೂ ಪ್ಯಾನೆಲನ್ನೂ ತಿನ್ನುತ್ತವೆ. ಕೇಬಲ್ಲಿಗೆ ನೂರರ ಲೆಕ್ಕ, ಪ್ಯಾನೆಲ್ಲಿಗೆ ಸಾವಿರದ ಲೆಕ್ಕ. ಆದ್ದರಿಂದ ಪ್ಯಾನೆಲ್ ತರಿಸುವ ಮುಂಚೆ ಕೇಬಲ್ ಕಿತ್ತು ಮತ್ತೆ ಕೂಡಿಸಿ ನೋಡಿದರೇ ಎಂದು ಕೇಳಿ. ತರಿಸಲೇಬೇಕಾದರೆ ಪ್ಯಾನೆಲಿನ ಬೆನ್ನಿಗೆ ಅಂಟಿಸಿದ ಚೀಟಿಯ ಮಾದರಿ ಸಂಖ್ಯೆಯನ್ನು ಫೋಟೋ ಹೊಡೆದುಕೊಳ್ಳಿ. "15.6 ಇಂಚ್" ಎಂದಷ್ಟೇ ಹೇಳಿದರೆ ಸಾಲದು. ಸಾದಾ ಪ್ಯಾನೆಲಿಗೆ ಸಾಮಾನ್ಯವಾಗಿ 30 ಪಿನ್, ಗೇಮಿಂಗ್ ಲ್ಯಾಪ್‌ಟಾಪಿನ ವೇಗದ ಪ್ಯಾನೆಲಿಗೆ 40 ಪಿನ್. ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಪಾರ್ಸೆಲ್ ಬಂದ ಮೇಲೆ ಪಿನ್ ಕೂಡದಿದ್ದರೆ ವಾರ ಹಾಳು.

ತಿಕೋಟಾ ಕಡೆ ಹೋದರೆ ತೊಂದರೆಯ ಬಗೆಯೇ ಬೇರೆ. ಬೇಸಿಗೆ ಹತ್ತುತ್ತಿದ್ದಂತೆ ಅಲ್ಲಿ ಒಣದ್ರಾಕ್ಷಿಯ ಕೆಲಸ ಶುರುವಾಗುತ್ತದೆ. ಹಣ್ಣನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಹರಡುತ್ತಾರೆ. ಹೊಂಬಣ್ಣ ಬರಲೆಂದು ಗಂಧಕದ ಹೊಗೆ ಕೊಡುತ್ತಾರೆ. ಕೂಲಿ, ಬಾಕ್ಸ್, ತಾಸಗಾಂವ-ಸಾಂಗಲಿ ಮಾರುಕಟ್ಟೆಗೆ ಹೋದ ಮಾಲಿನ ಲೆಕ್ಕವಿರುವ ಲ್ಯಾಪ್‌ಟಾಪ್ ಅದೇ ಶೆಡ್ಡಿನ ಮಗ್ಗುಲಿನ ಖೋಲಿಯಲ್ಲಿದ್ದರೆ ಆ ಹೊಗೆ ಅದಕ್ಕೂ ಮುಟ್ಟುತ್ತದೆ. ಗಂಧಕದ ಅನಿಲಗಳು ತಾಮ್ರ, ಬೆಳ್ಳಿಯನ್ನು ಕಪ್ಪಾಗಿಸುತ್ತವೆ. ಗಂಧಕವಿರುವ ಗಾಳಿಯಲ್ಲಿ ಎಲೆಕ್ಟ್ರಾನಿಕ್ ಉಪಕರಣ ಬೇಗ ಕೆಡುವುದು ಎಲೆಕ್ಟ್ರಾನಿಕ್ಸ್ ಉದ್ಯಮಕ್ಕೆ ಹಳೆಯ ತಲೆನೋವು. ಜೊತೆಗೆ ಎರೆಮಣ್ಣಿನ ನುಣ್ಣನೆಯ ಧೂಳು ಸೇರಿತೆಂದರೆ ಫಲಿತಾಂಶ ಹೀಗಿರುತ್ತದೆ: ದೀಪ ಹತ್ತುತ್ತದೆ, ಫ್ಯಾನ್ ತಿರುಗುತ್ತದೆ, ಚಿತ್ರವಿಲ್ಲ, ಟಿವಿಗೆ ಹಾಕಿದರೂ ಇಲ್ಲ. ಆಗ ಸಂಶಯಪಡಬೇಕಾದ್ದು ರ‍್ಯಾಮ್ ಕೂತ ಜಾಗದ ಮೇಲೆ. ಮೊದಲು ಚಾರ್ಜರ್ ತೆಗೆದು, ಬ್ಯಾಟರಿ ಬಿಚ್ಚುವಂಥದ್ದಾದರೆ ಬಿಚ್ಚಿ, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದು ಬಿಡಿ. ಎಷ್ಟೋ ಯಂತ್ರ ಇಷ್ಟಕ್ಕೇ ಏಳುತ್ತವೆ. ಏಳದಿದ್ದರೆ ತಿಳಿದವರಿಂದ ಹಿಂಬದಿ ಬಿಚ್ಚಿಸಿ, ಬ್ಯಾಟರಿಯ ಕನೆಕ್ಟರ್ ತೆಗೆದ ಮೇಲೆ, ರ‍್ಯಾಮ್ ಹೊರತೆಗೆದು ಅದರ ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಹಗುರಾಗಿ ಉಜ್ಜಿ, ಪುಡಿ ಒರೆಸಿ, ಟಕ್ಕೆಂದು ಸದ್ದು ಬರುವ ತನಕ ಒತ್ತಿ ಕೂಡಿಸಬೇಕು. ರ‍್ಯಾಮನ್ನು ಬೋರ್ಡಿಗೇ ಬೆಸೆದಿರುವ ತೆಳು ಲ್ಯಾಪ್‌ಟಾಪ್‌ಗಳಿಗೆ ಈ ಉಪಾಯವಿಲ್ಲ. ಹೊಗೆ ಕೊಡುವ ದಿನ ಲ್ಯಾಪ್‌ಟಾಪನ್ನು ಶೆಡ್ಡಿನ ಹತ್ತಿರ ಇಡದಿರುವುದೇ ಎಲ್ಲಕ್ಕಿಂತ ಅಗ್ಗದ ದುರಸ್ತಿ.

ತೆರೆ ಕಪ್ಪಾಗಲು ಇನ್ನೊಂದು ಮೋಜಿನ ಕಾರಣವೂ ಉಂಟು. ಮುಚ್ಚಳ ಮುಚ್ಚಿದೆಯೋ ತೆರೆದಿದೆಯೋ ಎಂದು ಲ್ಯಾಪ್‌ಟಾಪ್ ತಿಳಿಯುವುದು ಒಂದು ಅಯಸ್ಕಾಂತದಿಂದ. ಕೀಬೋರ್ಡಿನ ಅಂಚಿನ ಮೇಲೆ ಮ್ಯಾಗ್ನೆಟ್ ಇರುವ ಮೊಬೈಲ್ ಕವರ್ ಇಟ್ಟರೆ ಮುಚ್ಚಳ ಮುಚ್ಚಿತೆಂದು ತಿಳಿದು ತೆರೆ ಆರಿಸಿ ಕೂರುತ್ತದೆ. ಮೊಬೈಲ್ ತೆಗೆಯಿರಿ, ದುರಸ್ತಿ ಮುಗಿಯಿತು.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಬರುವ ಒಂದು ಡಿಸ್ಪ್ಲೇ ತೊಂದರೆಯನ್ನು ಇಲ್ಲಿ ಹೇಳಲೇಬೇಕು. ತಿಕೋಟಾ, ಬಬಲೇಶ್ವರ ತಾಲ್ಲೂಕು ಕೇಂದ್ರಗಳಾದ ಮೇಲೆ ಅರ್ಜಿ, ಕರಾರುಪತ್ರ, ವಂಶಾವಳಿ ಟೈಪ್ ಮಾಡಿಸುವ ಕೆಲಸ ಊರಲ್ಲೇ ಆಗುತ್ತಿದೆ. ಅಂಥ ಅಂಗಡಿಯ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆಗಿ ಬಂದ ದಿನ ಹಳೆಯ ಕಡತ ತೆರೆದರೆ ಕನ್ನಡವೇ ಇಲ್ಲ, ಇಂಗ್ಲಿಷ್ ಅಕ್ಷರ, ಟೊಪ್ಪಿಗೆ, ಚುಕ್ಕಿಗಳ ಕಲಸುಮೇಲೋಗರ. "ಫೈಲ್ ಕರಪ್ಟ್ ಆಗೈತ್ರಿ" ಎಂದು ಹೇಳಿ ಮತ್ತೆ ಟೈಪ್ ಮಾಡಲು ಕೂತವರುಂಟು. ಫೈಲಿಗೆ ಏನೂ ಆಗಿರುವುದಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿಕೊಂಡಿದ್ದವು. ಫಾಂಟ್ ಇರುವ ತನಕ ಕನ್ನಡ ಕಾಣುತ್ತದೆ, ಫಾಂಟ್ ಹೋದರೆ ಕೆಳಗಿನ ಇಂಗ್ಲಿಷ್ ಅಕ್ಷರ ಹೊರಬೀಳುತ್ತದೆ. ನುಡಿಯನ್ನು ಮತ್ತೆ ಹಾಕಿದರೆ ಕಡತ ಇದ್ದ ಹಾಗೆಯೇ ಓದಲು ಬರುತ್ತದೆ. ಹಾಗೆ ಮರಳಿ ಬಂದದ್ದನ್ನು ಯುನಿಕೋಡ್‌ಗೆ ಪರಿವರ್ತಿಸಿ ಇಟ್ಟರೆ ಮುಂದೆ ಯಾವ ಯಂತ್ರದಲ್ಲಾದರೂ, ಮೊಬೈಲಿನಲ್ಲಾದರೂ ತೆರೆಯುತ್ತದೆ.

ಇನ್ನು ವಿಂಡೋಸೇ ಏಳದ ಸಂದರ್ಭ. ಕಪ್ಪು ತೆರೆಯ ಮೇಲೆ ಅಕ್ಷರವಿದೆಯೇ ನೋಡಿ. ವಿಂಡೋಸ್ ಕುಸಿದಾಗ ಬರುತ್ತಿದ್ದ, ಹೆಸರಾದ ಆ ನೀಲಿ ತೆರೆಯನ್ನು ಮೈಕ್ರೋಸಾಫ್ಟ್ 2025ರಲ್ಲಿ ವಿಂಡೋಸ್ 11ರಲ್ಲಿ ಕಪ್ಪಾಗಿಸಿದೆ. ಅದನ್ನು "ಡಿಸ್ಪ್ಲೇ ಹೋಯಿತು" ಎಂದುಕೊಳ್ಳದೆ ಕೆಳಗೆ ಬರೆದ ಸ್ಟಾಪ್ ಕೋಡನ್ನು ಫೋಟೋ ಹೊಡೆದುಕೊಳ್ಳಿ. ವಿಂಡೋಸ್ ಲಾಂಛನ ಕಂಡೊಡನೆ ಪವರ್ ಬಟನ್ ಒತ್ತಿ ಹಿಡಿದು ಆರಿಸುವುದನ್ನು ಎರಡು ಮೂರು ಸಲ ಮಾಡಿದರೆ ಮುಂದಿನ ಸಲ ರಿಕವರಿ ಪುಟ ತಾನಾಗಿ ಬರುತ್ತದೆ. ಎಚ್‌ಪಿಯಲ್ಲಿ ಎಫ್11, ಏಸರ್‌ನಲ್ಲಿ ಆಲ್ಟ್ ಜೊತೆ ಎಫ್10 ಒತ್ತಿದರೂ ಅಲ್ಲಿಗೇ ದಾರಿ. ಲೆನೊವೊದ ಅನೇಕ ಮಾದರಿಗಳ ಪಕ್ಕದಲ್ಲಿ ಪಿನ್ನಿನಿಂದ ಒತ್ತುವ ನೊವೊ ಬಟನ್ನಿನ ತೂತು ಇರುತ್ತದೆ. ಆ ಪುಟದಲ್ಲೂ ಕ್ರಮ ಬಿಡಬೇಡಿ. ಮೊದಲು ಸ್ಟಾರ್ಟಪ್ ರಿಪೇರಿ, ನಂತರ ಇತ್ತೀಚಿನ ಅಪ್‌ಡೇಟ್ ತೆಗೆಯುವುದು, ನಂತರ ಸಿಸ್ಟಮ್ ರಿಸ್ಟೋರ್, ಅದಕ್ಕೂ ಜಗ್ಗದಿದ್ದರೆ ಸೇಫ್ ಮೋಡ್. ರಿಸೆಟ್ ಇರುವುದು ಇವೆಲ್ಲ ಮುಗಿದ ಮೇಲೆ. ರಿಸೆಟ್‌ನಲ್ಲಿ "ನನ್ನ ಫೈಲ್ ಉಳಿಸು" ಎಂಬ ಆಯ್ಕೆ ಕೊಟ್ಟರೂ ಟ್ಯಾಲಿ, ನುಡಿಯಂಥ ಪ್ರೋಗ್ರಾಂಗಳು ಹೋಗುತ್ತವೆ. ಲೆಕ್ಕದ ಡೇಟಾ ನಿಮ್ಮ ಹೆಸರಿನ ಫೋಲ್ಡರಿನ ಹೊರಗಿದ್ದರೆ ಅದಕ್ಕೂ ಅಪಾಯ.

ಈ ಕ್ರಮ ಹವ್ಯಾಸಿಗಳ ಶಾಸ್ತ್ರವಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯ ಒಂದು ಕೆಟ್ಟ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ತೆರೆ ತೋರಿಸಿ ಕೂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಅಂದು ಬೋರ್ಡಿಂಗ್ ಪಾಸನ್ನು ಪೆನ್ನಿನಿಂದ ಬರೆದು ಕೊಟ್ಟರು. ಆ ಯಂತ್ರಗಳನ್ನು ಫಾರ್ಮ್ಯಾಟ್ ಮಾಡಿ ಎಂದು ಸಂಸ್ಥೆ ಹೇಳಲಿಲ್ಲ. ಸೇಫ್ ಮೋಡ್‌ಗೆ ಹೋಗಿ ಆ ಕೆಟ್ಟ ಅಪ್‌ಡೇಟಿನ ಒಂದು ಫೈಲ್ ಅಳಿಸಿ ಎಂದಿತು. ಅದೇ ಹೊತ್ತಿಗೆ ಎಷ್ಟೋ ಕಚೇರಿಗಳು ಇನ್ನೊಂದು ಬಾಗಿಲಲ್ಲಿ ಸಿಕ್ಕಿಬಿದ್ದವು: ಬಿಟ್‌ಲಾಕರ್. ಡಿಸ್ಕಿಗೆ ಬೀಗ ಹಾಕಿದ ಯಂತ್ರ ರಿಕವರಿಗೆ ಹೋದೊಡನೆ 48 ಅಂಕಿಯ ಕೀಲಿ ಸಂಖ್ಯೆ ಕೇಳುತ್ತದೆ. ಈಗಿನ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಈ ಬೀಗ ಎಷ್ಟೋ ಸಲ ತಾನಾಗಿಯೇ ಬೀಳುತ್ತದೆ, ಕೀಲಿ ಅದೇ ಖಾತೆಯಲ್ಲಿ ಕೂತಿರುತ್ತದೆ. ಆದರೆ ಆ ಖಾತೆ ತೆರೆದುಕೊಟ್ಟದ್ದು ಲ್ಯಾಪ್‌ಟಾಪ್ ಮಾರಿದ ಅಂಗಡಿಯ ಹುಡುಗ, ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ಕೀಲಿ ಇಲ್ಲದಿದ್ದರೆ ಒಳಗಿನದು ಮೈಕ್ರೋಸಾಫ್ಟಿಗೂ ಸಿಗದು.

ಕೀಲಿ ಇದ್ದು, ವಿಂಡೋಸ್ ಏಳದಿದ್ದರೂ ಫೈಲ್ ಹೊರತೆಗೆಯಬಹುದು. ಉಬುಂಟು ಹಾಕಿದ ಪೆನ್‌ಡ್ರೈವಿನಿಂದ ಯಂತ್ರ ಚಾಲೂ ಮಾಡಿ, ಡಿಸ್ಕ್ ತೆರೆದು ಬೇಕಾದ್ದನ್ನು ಬೇರೆ ಡ್ರೈವಿಗೆ ನಕಲು ಮಾಡುವುದು ರಿಪೇರಿ ಬಲ್ಲ ಯಾರಿಗೂ ಸಲೀಸು. ಹಳೆಯ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎನ್ನುತ್ತಿದ್ದರೆ ಮಾತ್ರ ತಕ್ಷಣ ಆರಿಸಿಬಿಡಿ, ಮತ್ತೆ ಮತ್ತೆ ಚಾಲೂ ಮಾಡಿದಷ್ಟೂ ನಷ್ಟ. ಎಸ್‌ಎಸ್‌ಡಿಯ ವಿಷಯ ಇನ್ನೂ ಕಠಿಣ. ಹಾರ್ಡ್ ಡಿಸ್ಕಿನಲ್ಲಿ ಅಳಿಸಿದ್ದರ ಮೇಲೆ ಬೇರೆ ಬರೆಯದ ತನಕ ಹಳೆಯದು ಉಳಿದಿರುತ್ತದೆ. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಎಂಬ ಏರ್ಪಾಡು ಅಳಿಸಿದ ಜಾಗವನ್ನು ತಾನೇ ಗುಡಿಸಿಬಿಡುತ್ತದೆ. ಫಾರ್ಮ್ಯಾಟ್ ಆದ ಎಸ್‌ಎಸ್‌ಡಿಯಿಂದ ಮಗುವಿನ ಫೋಟೋ ವಾಪಸ್ ಬರಲಿ ಎಂದು ಕಾಯುವುದು ವ್ಯರ್ಥ.

ಅದಕ್ಕೇ ಪ್ರತಿ ಮೊದಲೇ ಇರಬೇಕು. ವಚನಗಳನ್ನು ಉಳಿಸಿದ ಫ.ಗು. ಹಳಕಟ್ಟಿಯವರು ವಕೀಲಿ ಮಾಡಿಕೊಂಡಿದ್ದದ್ದು ಇದೇ ವಿಜಯಪುರದಲ್ಲಿ. ಮನೆ ಮನೆಯ ಅಟ್ಟದಲ್ಲಿದ್ದ ತಾಳೆಗರಿಯ ವಚನಗಳನ್ನು ಕೂಡಿಹಾಕಿ, ಅಚ್ಚು ಹಾಕಿಸಲು ಸ್ವಂತ ಮನೆಯನ್ನೇ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು. ಒಂದೇ ಪ್ರತಿ ಇದ್ದದ್ದು ಹುಳಕ್ಕೋ ಬೆಂಕಿಗೋ ಸಿಕ್ಕು ಹೋಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ನಮ್ಮ ಪಾಲಿಗೆ ಇಷ್ಟು ಕಷ್ಟವಿಲ್ಲ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದ ಹೊರಗೆ ಎಂಬ ಸೂತ್ರಕ್ಕೆ ಒಂದು ಹೊರಗಿನ ಡ್ರೈವ್ ಮತ್ತು ಒಂದು ಕ್ಲೌಡ್ ಖಾತೆ ಸಾಕು.

ಅಂಗಡಿಯವರನ್ನು ದೂರುವುದರಲ್ಲಿ ಅರ್ಥವಿಲ್ಲ. ಗಂಟೆಗಟ್ಟಲೆ ದೋಷ ಹುಡುಕಿದ್ದಕ್ಕೆ ನಾವು ದುಡ್ಡು ಕೊಡುವುದಿಲ್ಲ, ಫಾರ್ಮ್ಯಾಟ್‌ಗಾದರೆ ಚೌಕಾಸಿ ಇಲ್ಲದೆ ಕೊಡುತ್ತೇವೆ. ನೋಡುವುದಕ್ಕೇ ಬೇರೆ ಕೂಲಿ ಕೊಡಲು ಒಪ್ಪಿದರೆ ಒಳ್ಳೆಯ ಕೈಗಳು ಈ ಊರಲ್ಲೇ ಇವೆ. ಲ್ಯಾಪ್‌ಟಾಪ್ ಕೊಡುವಾಗ "ಒಳಗಿಂದು ಬೇಕರಿ, ಕೇಳದ ಫಾರ್ಮ್ಯಾಟ್ ಮಾಡಬ್ಯಾಡ್ರಿ" ಎಂದು ಚೀಟಿ ಬರೆದು ಮುಚ್ಚಳದ ಮೇಲೆ ಅಂಟಿಸಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹಳೆಯ ಯಂತ್ರಗಳು 11ಕ್ಕೆ ದಾಟುವ ಸುಗ್ಗಿ ಇದು, ಬಿಟ್‌ಲಾಕರಿನ ಬೀಗಗಳೂ ಹೆಚ್ಚಲಿವೆ. ಆದ್ದರಿಂದ ಲ್ಯಾಪ್‌ಟಾಪ್ ಚೆನ್ನಾಗಿ ನಡೆಯುತ್ತಿರುವ ಈಗಲೇ ನಿಮ್ಮ ಮೈಕ್ರೋಸಾಫ್ಟ್ ಖಾತೆ ತೆರೆದು ಆ 48 ಅಂಕಿಗಳನ್ನು ಹಾಳೆಯ ಮೇಲೆ ಬರೆದು, ಉತಾರದ ಫೈಲಿನ ಜೊತೆ ಇಡಿ. ಲ್ಯಾಪ್‌ಟಾಪಿನ ಬ್ಯಾಗಿನಲ್ಲಿ ಮಾತ್ರ ಇಡಬೇಡಿ.