ಧಾರಾವಾಹಿ ಸಂಗ್ರಹ: ಡಿಸ್ಕೋ, ಫೈಲೋ?

ಆರ್. ಕೆ. ನಾರಾಯಣರ ಕಥೆಗಳನ್ನು ಆಧರಿಸಿ ಶಂಕರನಾಗರು ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ 1980ರ ದಶಕದಲ್ಲಿ ದೂರದರ್ಶನದಲ್ಲಿ ಪ್ರಸಾರವಾಯಿತು. ಶಾಲೆಗೆ ಇದನ್ನು ಸಂಗ್ರಹಿಸುವವರು ಅಧಿಕೃತ ಡಿಸ್ಕುಗಳನ್ನು ಕೊಳ್ಳಬೇಕೋ, ಕೈಯಿಂದ ಕೈಗೆ ಬರುವ ಫೈಲುಗಳಲ್ಲೇ ತೃಪ್ತರಾಗಬೇಕೋ?

ಓಲೆಗರಿಯ ಪಾಠಾಂತರಗಳನ್ನು ಬಲ್ಲ ನಮಗೆ ಈ ಪ್ರಶ್ನೆ ಹೊಸದಲ್ಲ. ಇಂತಹ ಫೈಲು ಲಿಪಿಕಾರನ ಪ್ರತಿಯಂತೆ. ಆರ್. ಕೆ. ಲಕ್ಷ್ಮಣರ ರೇಖಾಚಿತ್ರಗಳೂ ಕಲಾವಿದರ ಹೆಸರುಗಳೂ ಕತ್ತರಿಸಿಹೋದರೆ ಕೇಳುವವರಿಲ್ಲ. ಶಂಕರನಾಗರ 39 ಕಂತುಗಳೊಡನೆ 2006ರಲ್ಲಿ ಪ್ರಸಾರವಾದ ಕವಿತಾ ಲಂಕೇಶರ 15 ಕಂತುಗಳು ಬೆರೆತರಂತೂ ಕರ್ತೃತ್ವವೇ ಮಸುಕಾಗುತ್ತದೆ. ಡಿಸ್ಕಾದರೋ ಸಂಪಾದಿತ ಗ್ರಂಥದಂತೆ. ಪ್ರಕಾಶಕನ ಹೊಣೆ ಅದರ ಮೇಲಿರುತ್ತದೆ. ಆದರೆ ಗೀರು ಬಿದ್ದ ಡಿಸ್ಕು ಮೂಕ; ಅದನ್ನು ಓದುವ ಯಂತ್ರವೂ ಹೊಸ ಗಣಕಗಳಲ್ಲಿ ವಿರಳ.

ಆದ್ದರಿಂದ ಪ್ರಮಾಣಕ್ಕೆ ಡಿಸ್ಕು, ಉಳಿವಿಗೆ ಹಕ್ಕುದಾರರು ಒಪ್ಪಿದ ಫೈಲು—ಎರಡೂ ಇರಲಿ ಎಂಬುದೇ ನಮ್ಮ ಅಭಿಮತ.