ಮೊಲಿನಾನ ‘ಕಾಂಕಾರ್ಡಿಯಾ’: ಅರಿವು, ಆಯ್ಕೆ, ಹೊಣೆ

ನಾಳೆ ನಾನು ಮಾಡುವುದು ದೇವರಿಗೆ ಇಂದೇ ಗೊತ್ತಿದ್ದರೆ, ಅದು ನನ್ನ ಆಯ್ಕೆ ಹೇಗಾದೀತು? ರಕ್ಷಣೆ ದೇವರ ಕೃಪೆಯಿಂದಲೇ ಎಂದು ನಂಬುವ ಕ್ರೈಸ್ತರಿಗೆ ಈ ಪ್ರಶ್ನೆ ಇನ್ನಷ್ಟು ಕಠಿಣ. ಸ್ಪೇನಿನ ಜೆಸ್ವಿಟ್ ಲೂಯಿಸ್ ದೆ ಮೊಲಿನಾ 1588ರಲ್ಲಿ ಲಿಸ್ಬನ್‌ನಲ್ಲಿ ಪ್ರಕಟಿಸಿದ ‘ಕಾಂಕಾರ್ಡಿಯಾ’ ಇದಕ್ಕೆ ಕೊಟ್ಟ ಉತ್ತರ ಇಂದಿಗೂ ಚರ್ಚೆಯಲ್ಲಿದೆ.

ಅದರ ಎದುರಿಗಿದ್ದ ಸವಾಲು ದೊಡ್ಡದು. ದೇವರು ಮುಂದಾಗುವುದನ್ನು ಬಲ್ಲದ್ದು, ಅದನ್ನು ತಾನೇ ಗೊತ್ತುಮಾಡಿರುವುದರಿಂದ ಎಂದಿದ್ದ ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್. ಕೆಲವರು ಜೀವಕ್ಕೆ, ಕೆಲವರು ನಾಶಕ್ಕೆ: ಎರಡೂ ದೈವಸಂಕಲ್ಪ. ಕಿರುಕುಳದಲ್ಲಿ ಬದುಕಿದ್ದ ಫ್ರಾನ್ಸಿನ ಪ್ರೊಟೆಸ್ಟೆಂಟರಿಗೆ ಈ ಮಾತು ಧೈರ್ಯವನ್ನೇ ಕೊಟ್ಟಿತು. ಅವರ ರಕ್ಷಣೆ ರಾಜನ ಕೈಯಲ್ಲೂ ಇರಲಿಲ್ಲ, ಅವರದೇ ದುರ್ಬಲ ಮನಸ್ಸಿನ ಕೈಯಲ್ಲೂ ಇರಲಿಲ್ಲ. ಆದರೆ ಕೈಬಿಡಲ್ಪಟ್ಟವನ ಕಡೆಯಿಂದ ನೋಡಿದರೆ ಅದೇ ಮಾತು ಭಯಂಕರ. ಕ್ಯಾಥೊಲಿಕ್ ಸಭೆಯಾದರೋ 1547ರಲ್ಲಿ ಟ್ರೆಂಟ್ ಮಹಾಸಭೆಯಲ್ಲಿ ಮನುಷ್ಯ ಕೃಪೆಗೆ ಒಪ್ಪಬಲ್ಲ, ಒಲ್ಲೆ ಎನ್ನಲೂ ಬಲ್ಲ ಎಂದು ಸಾರಿತ್ತು. ಅದು ಹೇಗೆ ಎಂಬುದನ್ನು ಮಾತ್ರ ಬಿಡಿಸಿ ಹೇಳಿರಲಿಲ್ಲ.

ಮೊಲಿನಾ ಅಲ್ಲಿಂದ ಮುಂದುವರಿಯುತ್ತಾನೆ. ಸಮುವೇಲನ ಮೊದಲ ಗ್ರಂಥದ 23ನೆಯ ಅಧ್ಯಾಯದಲ್ಲಿ ದಾವೀದ ದೇವರನ್ನು ಕೇಳುತ್ತಾನೆ: ಕೆಯೀಲದ ಜನ ನನ್ನನ್ನು ಬೆನ್ನಟ್ಟಿರುವ ರಾಜ ಸೌಲನಿಗೆ ಒಪ್ಪಿಸುವರೇ? ಒಪ್ಪಿಸುವರು ಎಂಬ ಉತ್ತರ ಬರುತ್ತದೆ. ದಾವೀದ ಊರು ಬಿಡುತ್ತಾನೆ. ಯಾರೂ ಯಾರನ್ನೂ ಒಪ್ಪಿಸುವುದಿಲ್ಲ. ಅಂದರೆ ಎಂದೂ ನಡೆಯದ, ಸಂದರ್ಭ ಬಂದಿದ್ದರೆ ಜನ ತಾವಾಗಿ ಮಾಡುತ್ತಿದ್ದ ಕೆಲಸವೂ ದೇವರಿಗೆ ಗೊತ್ತು. ಇದನ್ನೇ ಮೊಲಿನಾ ಮಧ್ಯಮಜ್ಞಾನ ಎನ್ನುತ್ತಾನೆ. ಈ ಅರಿವು ಸೃಷ್ಟಿಸಂಕಲ್ಪಕ್ಕೂ ಮೊದಲಿನದು. ಹಾಗಾಗಿ ದೇವರು ಬಲ್ಲನೆಂಬುದೇ ಮನುಷ್ಯನನ್ನು ಕಟ್ಟಿಹಾಕುವುದಿಲ್ಲ.

ವಾದ ಸೊಗಸಾಗಿದೆ, ಬಿರುಕೂ ಇದೆ. ಕೆಯೀಲದವರು ಇನ್ನೂ ಹುಟ್ಟದೆ, ಆರಿಸದೆ ಇರುವಾಗ ಅವರ ಆಯ್ಕೆಯ ಕುರಿತ ಸತ್ಯ ಯಾವುದರ ಆಧಾರದ ಮೇಲೆ ನಿಂತಿತ್ತು? ಇದಕ್ಕೆ ಮೊಲಿನಾನಲ್ಲಿ ತೃಪ್ತಿಕರ ಉತ್ತರವಿಲ್ಲ. ಇನ್ನೊಂದು ತೊಡಕು ಹೃದಯಕ್ಕೆ ತಟ್ಟುವಂಥದು: ಯಾವ ಸಂದರ್ಭದಲ್ಲಿ ಎಡವುತ್ತಾನೆಂದು ಬಲ್ಲ ದೇವರು ಒಬ್ಬನನ್ನು ಅದೇ ಸಂದರ್ಭದಲ್ಲಿ ಇಟ್ಟದ್ದೇಕೆ? ಕ್ಯಾಲ್ವಿನ್ ಎದುರಿಸಿದ ರಹಸ್ಯ ಇಲ್ಲಿ ಕರಗಲಿಲ್ಲ, ಒಂದು ಹೆಜ್ಜೆ ಹಿಂದೆ ಸರಿಯಿತು.

ಆದರೂ ಆ ಒಂದು ಹೆಜ್ಜೆ ಅಮೂಲ್ಯ. ಮೊಲಿನಾನ ದೇವರು ಪತನಕ್ಕೆ ಎಡೆಗೊಟ್ಟಾನು, ಪತನವನ್ನು ಬರೆದಿಡುವುದಿಲ್ಲ. ಹಾಗಿದ್ದಾಗಲೇ ‘ಪಶ್ಚಾತ್ತಾಪಪಡು’ ಎಂಬ ಕರೆ ನಿಜವಾದ ಕರೆಯಾಗುತ್ತದೆ. ಪ್ರೊಟೆಸ್ಟೆಂಟ್ ಚಿಂತಕ ಅರ್ಮಿನಿಯಸ್ ಕೂಡ ಈ ವಿಚಾರವನ್ನು ಬಳಸಿಕೊಂಡ. ಅವನ ಅನುಯಾಯಿಗಳನ್ನು 1618–19ರಲ್ಲಿ ಪ್ರೊಟೆಸ್ಟೆಂಟರ ಡಾರ್ಟ್ ಸಭೆ ಖಂಡಿಸಿತು. ರೋಮ್‌ನಲ್ಲಿ ಡೊಮಿನಿಕನ್ನರು ಮೊಲಿನಾನ ಮೇಲೆ ಹೂಡಿದ ವಾದ ವರ್ಷಗಟ್ಟಲೆ ನಡೆದು, 1607ರಲ್ಲಿ ಪೋಪ್ ಐದನೆಯ ಪಾಲ್ ಯಾರನ್ನೂ ಖಂಡಿಸದೆ ಅದನ್ನು ನಿಲ್ಲಿಸಿದರು. ಪರಸ್ಪರರನ್ನು ಪಾಷಂಡಿಗಳೆನ್ನಬಾರದು ಎಂದರು. ಅದು ವಿವೇಕದ ನಡೆ. ‘ಕಾಂಕಾರ್ಡಿಯಾ’ ದೇವರ ಅರಿವನ್ನು ವಿವರಿಸುವುದರಲ್ಲಿ ಸೋಲುತ್ತದೆ. ಆದರೆ ಮನುಷ್ಯನ ಹೊಣೆಯನ್ನೂ ದೇವರ ಒಳ್ಳೆಯತನವನ್ನೂ ಒಟ್ಟಿಗೆ ಕಾಯುವುದರಲ್ಲಿ ಕ್ಯಾಲ್ವಿನ್‌ಗಿಂತ ಮುಂದಿದೆ.