ಐದು ನಿಮಿಷದ ರೌಂಡು, ಯಾರ ಕೈಯಲ್ಲಿ ರೇಸು?

ಡಿಸೆಂಬರ್ ರಜೆ ಹತ್ತಿರ ಬಂದಿದೆ. ಮಲ್ಪೆ, ಪಣಂಬೂರು, ಮುರ್ಡೇಶ್ವರಗಳಿಗೆ ಘಟ್ಟ ಇಳಿದು ಬರುವವರ ಕಿವಿಗೆ ಮರಳಿನ ಮೇಲೆ ಕಾಲಿಟ್ಟ ಕೂಡಲೇ ಬೀಳುವುದು ‘ಜೆಟ್ ಸ್ಕೀ, ಒಂದು ರೌಂಡು’ ಎಂಬ ಕೂಗು. ಕೆಲವು ನೂರು ರೂಪಾಯಿ, ನಾಲ್ಕೈದು ನಿಮಿಷ, ಮುಗಿಯಿತು. ಇಳಿದವರ ದೂರು ಎರಡೇ: ಬಹಳ ಬೇಗ ಮುಗಿಯಿತು, ನಮ್ಮ ಕೈಗೆ ಕೊಡಲಿಲ್ಲ. ಮೊದಲನೆಯ ದೂರಿನಲ್ಲಿ ಹುರುಳಿಲ್ಲ, ಎರಡನೆಯದರಲ್ಲಿ ಅಪಾಯವಿದೆ ಎಂಬುದು ಈ ಅಂಕಣದ ವಾದ. ಕೈಗೆ ಕೊಡದವನೇ ಒಳ್ಳೆಯ ವ್ಯಾಪಾರಿ.

ಕಾರಣ ಯಂತ್ರದ ಹೊಟ್ಟೆಯಲ್ಲಿದೆ. ಜೆಟ್ ಸ್ಕೀಗೆ ಚುಕ್ಕಾಣಿ ಇಲ್ಲ, ಹೊರಗೆ ತಿರುಗುವ ಫ್ಯಾನೂ ಇಲ್ಲ. ತಳದ ಜಾಲರಿಯ ಮೂಲಕ ನೀರು ಹೀರಿ, ಒಳಗಿನ ಇಂಪೆಲ್ಲರ್‌ನಿಂದ ಒತ್ತಿ, ಹಿಂಬದಿಯ ಮೂತಿಯಿಂದ ಉಗುಳುತ್ತದೆ. ಹ್ಯಾಂಡಲ್ ತಿರುಗಿಸಿದರೆ ತಿರುಗುವುದು ಆ ಮೂತಿ ಮಾತ್ರ. ನೀರು ಚಿಮ್ಮುವ ದಿಕ್ಕು ಬದಲಾದಾಗ ಗಾಡಿಯ ಮುಖ ಬದಲಾಗುತ್ತದೆ. ಚಿಮ್ಮುವುದೇ ನಿಂತರೆ ಹ್ಯಾಂಡಲ್ ಎಷ್ಟು ತಿರುವಿದರೂ ಗಾಡಿ ಹಿಡಿದ ದಾರಿಯಲ್ಲೇ ನೇರ ಜಾರುತ್ತದೆ. ಸ್ಕೂಟರ್ ಕಲಿತ ಕೈಗೆ ಇದು ಪೂರ್ತಿ ಉಲ್ಟಾ. ಎದುರಿಗೆ ಎಮ್ಮೆ ಬಂದರೆ ರಸ್ತೆಯಲ್ಲಿ ರೇಸ್ ಬಿಟ್ಟು ಬ್ರೇಕ್ ಹಿಡಿಯುತ್ತೇವೆ. ವರ್ಷಗಟ್ಟಲೆ ಓಡಿಸಿ ಅದು ಯೋಚನೆಯಿಲ್ಲದೆ ಆಗುವ ಕೆಲಸವಾಗಿದೆ. ನೀರಿನ ಮೇಲೆ ಎದುರಿಗೆ ಈಜುವವನ ತಲೆ ಕಂಡಾಗ ಅದೇ ಕೈ ರೇಸ್ ಬಿಡುತ್ತದೆ, ಬಿಟ್ಟ ಕ್ಷಣವೇ ತಿರುಗಿಸುವ ಶಕ್ತಿಯೂ ಹೋಗುತ್ತದೆ. ತಪ್ಪಿಸಿಕೊಳ್ಳಬೇಕಾದರೆ ರೇಸ್ ಕೊಟ್ಟೇ ತಿರುಗಬೇಕು. ಗಾಬರಿಯಾದವನಿಂದ ಆಗದ ಕೆಲಸವೆಂದರೆ ಅದೊಂದೇ. 2000ರ ದಶಕದ ಆರಂಭದಿಂದ ಕಂಪನಿಗಳು ಇದಕ್ಕೆ ಒಂದಿಷ್ಟು ಪರಿಹಾರ ಜೋಡಿಸಿವೆ. 2009ರಲ್ಲಿ ಸೀ-ಡೂ ಬ್ರೇಕನ್ನೂ ತಂದಿತು. ಆದರೆ ದಂಡೆಯಲ್ಲಿ ಬಾಡಿಗೆಗೆ ನಿಂತ ಗಾಡಿಯಲ್ಲಿ ಅದೆಲ್ಲ ಇದೆಯೇ, ಇದ್ದರೂ ಕೆಲಸ ಮಾಡುತ್ತದೆಯೇ ಎಂದು ಹತ್ತುವವನಿಗೆ ಗೊತ್ತಾಗುವುದು ಹೇಗೆ?

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿ 1998ರಲ್ಲಿ ಈ ಯಂತ್ರಗಳ ಅಪಘಾತಗಳನ್ನೇ ಪ್ರತ್ಯೇಕವಾಗಿ ಅಧ್ಯಯನ ಮಾಡಿತು. ಅದರಲ್ಲಿ ಎದ್ದು ಕಂಡದ್ದು ಸಾವಿನ ಬಗೆ. ಉಳಿದ ಮೋಜಿನ ದೋಣಿಗಳಲ್ಲಿ ಜನ ಹೆಚ್ಚಾಗಿ ಸಾಯುವುದು ಮುಳುಗಿ; ಜೆಟ್ ಸ್ಕೀಯಲ್ಲಿ ಡಿಕ್ಕಿಯ ಪೆಟ್ಟಿಗೆ. ಲೈಫ್ ಜಾಕೆಟ್ ತೊಟ್ಟಿದ್ದೇವೆ, ಈಜು ಬರುತ್ತದೆ ಎಂಬ ಧೈರ್ಯ ಇಲ್ಲಿ ಅರ್ಧ ಧೈರ್ಯ ಮಾತ್ರ. ಕಡಲಿನಷ್ಟೇ ಹೆದರಬೇಕಾದದ್ದು ಪಕ್ಕದಲ್ಲಿ ಬಾಳೆಹಣ್ಣಿನಾಕಾರದ ರಬ್ಬರ್ ದೋಣಿ ಎಳೆದುಕೊಂಡು ಹೋಗುತ್ತಿರುವ ಬೋಟಿಗೆ, ನಮ್ಮಂತೆಯೇ ಈಗಷ್ಟೇ ಹ್ಯಾಂಡಲ್ ಹಿಡಿದ ಇನ್ನೊಬ್ಬನಿಗೆ.

‘ವಿದೇಶದಲ್ಲಿ ಪ್ರವಾಸಿಗರ ಕೈಗೇ ಕೊಡುತ್ತಾರಲ್ಲ’ ಎನ್ನುವವರಿದ್ದಾರೆ. ಕೊಡುತ್ತಾರೆ, ಕೊಡುವ ಮುನ್ನ ಏನು ಕೇಳುತ್ತಾರೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಫ್ಲಾರಿಡಾದಲ್ಲಿ ಬಾಡಿಗೆಗೆ ಪಡೆಯಲು 18 ತುಂಬಿರಬೇಕು. 1988ರ ಜನವರಿ 1 ಮತ್ತು ಅದರ ನಂತರ ಹುಟ್ಟಿದವರು ಸುರಕ್ಷಾ ಪಾಠ ಮುಗಿಸಿದ ಚೀಟಿ ತೋರಿಸಬೇಕು. ಸೂರ್ಯಾಸ್ತವಾಗಿ ಅರ್ಧ ಗಂಟೆ ಕಳೆದ ಮೇಲೆ ಗಾಡಿ ನೀರಿನಲ್ಲಿರುವಂತಿಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಈ ಯಂತ್ರಕ್ಕೆಂದೇ ಬೇರೆ ಪರವಾನಗಿ ಇದೆ. ಅಂದರೆ ಕೈಗೆ ಕೊಡುವ ಊರುಗಳಲ್ಲಿ ಕಲಿಕೆ ಮೊದಲು, ಸವಾರಿ ಆಮೇಲೆ. ಕಲಿಕೆಯನ್ನು ಬಿಟ್ಟು ಸವಾರಿಯನ್ನಷ್ಟೇ ಆಮದು ಮಾಡಿಕೊಳ್ಳುವುದು ನಮ್ಮ ಹಳೆಯ ಚಾಳಿ. ಐದು ನಿಮಿಷದ ಗಿರಾಕಿಗೆ ಅರ್ಧ ಗಂಟೆಯ ಪಾಠ ಹೇಳುವ ವ್ಯಾಪಾರ ನಡೆಯುವುದಿಲ್ಲ ಎನ್ನುವುದೂ ಸರಿ. ಹಾಗಾದರೆ ಓಡಿಸಬಲ್ಲವನು ಓಡಿಸಲಿ, ನೀವು ಹಿಂದೆ ಕೂರಿ.

ನಮ್ಮ ಕರಾವಳಿಯಲ್ಲೂ ಗೋವಾದಲ್ಲೂ ಇದಕ್ಕೊಂದು ನಡುದಾರಿ ಹುಡುಕಿದ್ದಾರೆ: ಗಿರಾಕಿ ಮುಂದೆ, ಓಡಿಸುವವ ಹಿಂದೆ, ಹ್ಯಾಂಡಲ್ ಮೇಲೆ ನಾಲ್ಕು ಕೈ. ಫೋಟೋದಲ್ಲಿ ಗಿರಾಕಿಯೇ ಓಡಿಸಿದಂತೆ ಕಾಣುತ್ತದೆ, ಎಲ್ಲರಿಗೂ ಖುಷಿ. ಮೂರು ವ್ಯವಸ್ಥೆಗಳಲ್ಲಿ ಅತಿ ಕೆಟ್ಟದ್ದು ಇದೇ. ಓಡಿಸುವವನ ನೋಟಕ್ಕೆ ಗಿರಾಕಿಯ ತಲೆ ಅಡ್ಡ, ತೋಳಿಗೆ ಗಿರಾಕಿಯ ಹೆಗಲು ಅಡ್ಡ. ಅದಕ್ಕಿಂತ ಮುಖ್ಯ, ಎಂಜಿನ್ ನಿಲ್ಲಿಸುವ ದಾರದ ಪ್ರಶ್ನೆ. ಸುರುಳಿ ಸುತ್ತಿದ ಆ ದಾರದ ಒಂದು ತುದಿ ಗಾಡಿಯ ಸ್ವಿಚ್ಚಿಗೆ, ಇನ್ನೊಂದು ಓಡಿಸುವವನ ಮಣಿಕಟ್ಟಿಗೋ ಜಾಕೆಟ್ಟಿಗೋ. ಅವನು ಬಿದ್ದರೆ ದಾರ ಕಿತ್ತು ಎಂಜಿನ್ ಸಾಯುತ್ತದೆ. ದಾರ ಒಂದೇ, ಹ್ಯಾಂಡಲ್ ಹಿಡಿದವರು ಇಬ್ಬರು, ಯಾರಿಗೆ ಕಟ್ಟುವುದು? ಗಿರಾಕಿಗೆ ಕಟ್ಟಿ ಹಿಂದಿದ್ದವನು ತೆರೆಯ ಏಟಿಗೆ ಜಾರಿ ಬಿದ್ದನೆನ್ನಿ. ಆಗ ನಿಲ್ಲಿಸಲು ಬಾರದವನ ಕೈಯಲ್ಲಿ ಓಡುವ ಎಂಜಿನ್ ಉಳಿಯುತ್ತದೆ. ಬಹಳ ಕಡೆ ಆ ದಾರವನ್ನು ಯಾರಿಗೂ ಕಟ್ಟದೆ ಹ್ಯಾಂಡಲ್‌ಗೇ ಸುತ್ತಿಟ್ಟಿರುತ್ತಾರೆ ಎಂಬುದು ಇನ್ನೂ ದೊಡ್ಡ ತಮಾಷೆ.

ಹಿಂದೆ ಕೂರುವುದೂ ಪೂರ್ತಿ ಕ್ಷೇಮವಲ್ಲ ಎಂಬ ಆಕ್ಷೇಪಕ್ಕೆ ಬಲವಿದೆ. ದಿಢೀರನೆ ರೇಸ್ ಕೊಟ್ಟಾಗ ಹಿಂದಕ್ಕೆ ಉರುಳುವುದು ಹಿಂದಿನವನೇ, ಬೀಳುವುದು ನೇರ ಆ ಮೂತಿಯ ಹಿಂದೆ. ಅಷ್ಟು ಒತ್ತಡದ ನೀರು ದೇಹದ ಕೆಳದ್ವಾರಗಳ ಮೂಲಕ ಒಳನುಗ್ಗಿದರೆ ಆಗುವ ಗಾಯ ಭೀಕರ. ತಯಾರಕರ ಕೈಪಿಡಿಗಳು ಇದನ್ನು ಮುಚ್ಚಿಟ್ಟಿಲ್ಲ. ಸೊಂಟದ ಕೆಳಗೆ ದಪ್ಪ ವೆಟ್‌ಸೂಟ್ ತೊಡಲೇಬೇಕು, ಸಾಮಾನ್ಯ ಈಜುಡುಪು ಸಾಲದು ಎಂದು ಹೇಳುತ್ತವೆ. ತೆರೆಯ ನೆತ್ತಿಯಿಂದ ಹಾರಿ ಧೊಪ್ಪನೆ ಬಿದ್ದಾಗ ಬೆನ್ನುಮೂಳೆಗೆ ಬೀಳುವ ಪೆಟ್ಟಿನ ಬಗ್ಗೆಯೂ ಎಚ್ಚರಿಸುತ್ತವೆ. ಬೆನ್ನುನೋವಿನವರು, ಬಸುರಿಯರು ಹತ್ತುವುದು ಬೇಡ, ಅದರಲ್ಲಿ ಚರ್ಚೆಯಿಲ್ಲ. ಆದರೆ ಈ ಎರಡೂ ಅಪಾಯ ಹುಟ್ಟುವುದು ಕುಳಿತ ಜಾಗದಿಂದಲ್ಲ, ಓಡಿಸುವ ರೀತಿಯಿಂದ. ನಿಧಾನ ಹೊರಟು, ತೆರೆಯನ್ನು ಓರೆಯಾಗಿ ಏರಿ, ಹಾರಿಸದೆ ದಾಟಿಸುವವನ ಬೆನ್ನ ಹಿಂದೆ, ಅವನ ಜಾಕೆಟ್ ಗಟ್ಟಿಯಾಗಿ ಹಿಡಿದು ಕೂತರೆ ಬೀಳುವ ಸಂಭವ ಬಹಳ ಕಡಿಮೆ. ಗಿರಕಿ ಹೊಡೆಸಿ ಬೇಕೆಂದೇ ಬೀಳಿಸುವುದನ್ನು ‘ಸರ್ವಿಸ್’ ಎಂದು ತಿಳಿದವನ ಗಾಡಿಯಾದರೆ ಎಲ್ಲಿ ಕೂತರೂ ಒಂದೇ. ರೀಲ್ಸ್ ಬಂದ ಮೇಲೆ ಈ ಗಿರಕಿಗೆ ಬೇಡಿಕೆ ಏರಿದೆ.

ಇಷ್ಟಕ್ಕೂ ಈ ಯಂತ್ರ ಮೊದಲು ಹೀಗಿರಲಿಲ್ಲ. 1960ರ ದಶಕದಲ್ಲಿ ಇದರ ಕಲ್ಪನೆ ಕಟ್ಟಿದ ಅಮೆರಿಕದ ಕ್ಲೇಟನ್ ಜೇಕಬ್ಸನ್ ಮೋಟೋಕ್ರಾಸ್ ಸ್ಪರ್ಧಿ. ಕೆನಡಾದ ಬೊಂಬಾರ್ಡಿಯೇ ಕಂಪನಿ ಅವನ ಜೊತೆ ಸೇರಿ 1968ರಲ್ಲಿ ಕೂರುವ ಮಾದರಿ ಮಾಡಿತು, ಅದು ಓಡಲಿಲ್ಲ. 1970ರ ದಶಕದ ಆರಂಭದಲ್ಲಿ ಕವಾಸಾಕಿ ತಂದದ್ದು ನಿಂತು ಓಡಿಸುವ ಮಾದರಿ. ಅದರ ಮೇಲೆ ನಿಲ್ಲುವುದೇ ಒಂದು ವಿದ್ಯೆ. ಹತ್ತು ಸಲ ನೀರು ಕುಡಿದ ಮೇಲೆ ಕಾಲು ನಿಲ್ಲುತ್ತದೆ. ಅಷ್ಟರಲ್ಲಿ ಕೈಗೂ ಬುದ್ಧಿ ಬಂದಿರುತ್ತದೆ. 1980ರ ದಶಕದ ಉತ್ತರಾರ್ಧದಲ್ಲಿ ಯಮಹಾ ವೇವ್‌ರನ್ನರ್ ಮೆತ್ತನೆಯ ಸೀಟು ಕೊಟ್ಟು ಜನರನ್ನು ಕೂರಿಸಿತು. ಬಾಡಿಗೆ ವ್ಯಾಪಾರ ಜಗತ್ತಿನ ದಂಡೆಗಳಿಗೆಲ್ಲ ಹಬ್ಬಿದ್ದು ಆ ಸೀಟಿನ ಬಲದಿಂದ. ಬ್ಯಾಲೆನ್ಸ್ ಕಲಿಯದೆ ವೇಗ ಸಿಗುವಂತಾಯಿತು. ಇಂದಿನ ಕವಾಸಾಕಿ ಮಾದರಿಗಳಲ್ಲಿ 310 ಅಶ್ವಶಕ್ತಿಯದೂ ಇದೆ. ಬಾಡಿಗೆಯ ಸಾಧಾರಣ ಗಾಡಿಗೂ ನೂರರ ಆಸುಪಾಸು, ಅಂದರೆ ಸಣ್ಣ ಕಾರಿಗಿಂತ ಹೆಚ್ಚು.

ಇಲ್ಲಿಗೆ ‘ಕಡಲ ಶುದ್ಧತಾವಾದಿಗಳು’ ತಲೆದೂಗುತ್ತಿರಬೇಕು. ಸರ್ಫಿಂಗ್, ಕಯಾಕಿಂಗ್ ಮಾತ್ರ ಕಡಲಿನ ಆಟ, ಎಂಜಿನ್ ಮುಟ್ಟಿದರೆ ಮೈಲಿಗೆ ಎನ್ನುವ ಪಂಗಡ ಇದು. ಮೌನವಾದ ದಂಡೆಯನ್ನು ಯಂತ್ರ ಕೆಡಿಸಿತು ಎನ್ನುವುದು ಅವರ ಪಲ್ಲವಿ. ಆ ಮೌನದ ದಂಡೆ ಇದ್ದದ್ದು ಯಾವಾಗ? ರಂಪಣಿ ಬಲೆಯ ಕಾಲದಲ್ಲಿ ಕೆನರಾ ಕರಾವಳಿಯ ದಂಡೆ ದೊಡ್ಡ ಕೆಲಸದ ಅಂಗಳ. ದೋಣಿಯಲ್ಲಿ ಬಲೆಯನ್ನು ಕಡಲಿಗೆ ಅರ್ಧಚಂದ್ರಾಕಾರದಲ್ಲಿ ಬಿಟ್ಟು, ಎರಡು ತುದಿಗಳನ್ನು ದಂಡೆಯಿಂದ ಎಳೆಯಲು ಊರಿಗೆ ಊರೇ ನಿಲ್ಲುತ್ತಿತ್ತು. ಬಂಗುಡೆ, ಬೂತಾಯಿ ರಾಶಿ ಬಿದ್ದಾಗ ಎದ್ದ ಗದ್ದಲಕ್ಕೆ ಯಾವ ಎಂಜಿನ್ ಸಮ? 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದು ಮೀನನ್ನು ಹೊರಗೇ ಬಾಚತೊಡಗಿದವು. ರಂಪಣಿ ಕುಸಿಯಿತು, ಎರಡು ಕಡೆಯವರ ನಡುವೆ ಜಗಳಗಳಾದವು, ದಂಡೆ ಖಾಲಿಯಾಯಿತು. ಇಂದು ಪ್ರವಾಸಿ ಮೆಚ್ಚುವ ‘ಪ್ರಶಾಂತ ಕಡಲತೀರ’ ಬಹುಮಟ್ಟಿಗೆ ಒಂದು ಕಸುಬು ಹೋದ ಮೇಲೆ ಉಳಿದ ಜಾಗ. ಅಲ್ಲಿ ಆ ಮೀನುಗಾರರ ಮಕ್ಕಳು ಜೆಟ್ ಸ್ಕೀ ಓಡಿಸಿ ನಾಲ್ಕು ಕಾಸು ಸಂಪಾದಿಸಿದರೆ ಮೂಗು ಮುರಿಯುವ ಹಕ್ಕು ಬೋರ್ಡು ಹೊತ್ತು ಬಂದವರಿಗೆ ಇಲ್ಲ.

ಅವರ ಸರ್ಫಿಂಗ್ ಕೂಡ ಈ ಯಂತ್ರಕ್ಕೆ ಋಣಿ. 1990ರ ದಶಕದ ಮೊದಲ ವರ್ಷಗಳಲ್ಲಿ ಹವಾಯಿಯ ಲೇರ್ಡ್ ಹ್ಯಾಮಿಲ್ಟನ್ ಮತ್ತು ಗೆಳೆಯರು ಕೈಯಿಂದ ಹುಟ್ಟು ಹಾಕಿ ಹಿಡಿಯಲಾಗದಷ್ಟು ವೇಗದ ತೆರೆಗಳಿಗೆ ಮೊದಲು ರಬ್ಬರ್ ಬೋಟಿನಿಂದ, ನಂತರ ಜೆಟ್ ಸ್ಕೀಯಿಂದ ಹಗ್ಗ ಕಟ್ಟಿ ಎಳೆಸಿಕೊಂಡರು. 2011ರಲ್ಲಿ ಪೋರ್ಚುಗಲ್‌ನ ನಜಾರೆಯಲ್ಲಿ ಗ್ಯಾರೆಟ್ ಮೆಕ್‌ನಮಾರ ಇಳಿದ 78 ಅಡಿಯ ತೆರೆಗೂ ಅವನನ್ನು ಒಯ್ದದ್ದು ಜೆಟ್ ಸ್ಕೀಯೇ. ಅದೇ ಹವಾಯಿಯಲ್ಲಿ ಬ್ರಯನ್ ಕೆಅವುಲಾನ ಇದರ ಹಿಂದೆ ತೇಲುವ ಹಲಗೆ ಕಟ್ಟಿ ಮುಳುಗುವವರನ್ನು ಎತ್ತಿ ತರುವ ಕ್ರಮ ಬೆಳೆಸಿದ. ಹೊರಗೆ ಫ್ಯಾನ್ ಇಲ್ಲದ್ದರಿಂದ ನೀರಿನಲ್ಲಿ ಒದ್ದಾಡುವವನ ಪಕ್ಕಕ್ಕೇ ತರಬಹುದು ಎಂಬುದು ಇಲ್ಲಿ ದೊಡ್ಡ ಗುಣ.

ಶುದ್ಧತಾವಾದಿಗಳ ವಾದದಲ್ಲಿ ಉಳಿಯುವ ತಿರುಳು ಹೊಗೆ ಮತ್ತು ಜಾಗದ್ದು, ಅದನ್ನು ಒಪ್ಪಲೇಬೇಕು. ಹಳೆಯ ಟೂ ಸ್ಟ್ರೋಕ್ ಎಂಜಿನ್ ಕುಡಿದ ಪೆಟ್ರೋಲಿನ ಸುಮಾರು ಕಾಲು ಭಾಗವನ್ನು ಉರಿಸದೆ ಹಾಗೇ ಹೊರಗೆ ಬಿಡುತ್ತದೆ. ಅಮೆರಿಕದ ಟಾಹೋ ಸರೋವರದಲ್ಲಿ ಕಾರ್ಬುರೇಟರ್ ಇರುವ ಟೂ ಸ್ಟ್ರೋಕ್‌ಗಳಿಗೆ 1999ರಲ್ಲಿ ನಿಷೇಧ ಬಂತು. ವಾಷಿಂಗ್ಟನ್ ರಾಜ್ಯದ ಸ್ಯಾನ್ ವಾನ್ ದ್ವೀಪಗಳ ಕೌಂಟಿ 1996ರಲ್ಲಿ ಜೆಟ್ ಸ್ಕೀಗಳನ್ನೇ ನಿಷೇಧಿಸಿತು, 1998ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕುಂದಾಪುರ, ಬೈಂದೂರು ಕಡೆಯ ಮರಳಿಗೆ ಕಡಲಾಮೆ ಮೊಟ್ಟೆಯಿಡಲು ಬರುತ್ತದೆ, ಕಾರವಾರದ ಕೊಲ್ಲಿಯಲ್ಲಿ ಡಾಲ್ಫಿನ್‌ಗಳಿವೆ. ಅಂಥ ಕಡೆ ಬೇಡವೆಂದರೆ ಬೇಡ. ಉಳಿದ ಕಡೆ ಗೆರೆ ಎಳೆದು ನಡೆಸಬಹುದು. 2020ರಲ್ಲಿ ಬ್ಲೂ ಫ್ಲ್ಯಾಗ್ ಪಡೆದ ಪಡುಬಿದ್ರಿ, ಕಾಸರಕೋಡುಗಳಲ್ಲಿ ಈಜುವ ಜಾಗವನ್ನು ಗುರುತಿಸಿ ಬೇರೆ ಮಾಡಲೇಬೇಕೆಂಬ ನಿಯಮವಿದೆ. ಆ ಗೆರೆ ಧ್ವಜವಿಲ್ಲದ ದಂಡೆಗಳಿಗೂ ಬೇಕು. ಈಜುವವರ ನಡುವಿನಿಂದಲೇ ಗಾಡಿ ಹೊರಡಿಸುವುದನ್ನು ಜಿಲ್ಲಾಡಳಿತ ಒಂದೇ ವಾರದಲ್ಲಿ ನಿಲ್ಲಿಸಬಹುದು. ಬೇಕಾದ್ದು ನಾಲ್ಕು ತೇಲುಬುರುಡೆ, ಒಂದು ಹಗ್ಗ, ಒಬ್ಬ ಸೀಟಿ ಊದುವವ.

ಇನ್ನು ಸಮಯದ ದೂರು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಐದು ನಿಮಿಷವೆಂದರೆ 5 ಕಿ.ಮೀ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಇರುವುದೇ ಸುಮಾರು 6. ದೂರಕ್ಕೆ ಕೊರತೆಯಿಲ್ಲ, ಕೊರತೆ ಇರುವುದು ಆ ದೂರವನ್ನು ಬಳಸುವ ಬುದ್ಧಿಗೆ. ದಂಡೆಯ ಮುಂದೆಯೇ ನಾಲ್ಕು ಗಿರಕಿ ಹೊಡೆದು ಬರುವುದರಲ್ಲಿ ಏನಿದೆ? ಜೆಟ್ ಸ್ಕೀ ಮಾತ್ರ ಕೊಡಬಲ್ಲ ಒಂದು ಸಂಗತಿಯೆಂದರೆ, ಈಜು ಬಾರದವನನ್ನೂ ತೆರೆ ಒಡೆಯುವ ಸಾಲಿನ ಆಚೆಗೆ ಅರ್ಧ ನಿಮಿಷದಲ್ಲಿ ದಾಟಿಸುವುದು. ಆಚೆ ಕಡಲಿನ ಮುಖವೇ ಬೇರೆ. ನೊರೆಯಿಲ್ಲ, ಅಬ್ಬರವಿಲ್ಲ, ಉದ್ದುದ್ದ ಏರಿಳಿತ. ಅಲ್ಲಿ ಒಂದು ನಿಮಿಷ ಎಂಜಿನ್ ನಿಲ್ಲಿಸಲು ಹೇಳಿ ಊರನ್ನು ತಿರುಗಿ ನೋಡಿ. ತೆಂಗಿನ ಸಾಲಿನ ಹಿಂದೆ ಘಟ್ಟದ ಗೆರೆ ಎದ್ದಿರುವುದು, ಕರಾವಳಿಯೆಂದರೆ ಎಷ್ಟು ತೆಳು ಪಟ್ಟಿ ಎಂಬುದು ಕಾಣುವುದು ಅಲ್ಲಿಂದ. ಹೋಗುವುದಾದರೆ ಬೆಳಿಗ್ಗೆ ಹೋಗಿ. ಮಳೆಗಾಲ ಕಳೆದ ಈ ತಿಂಗಳುಗಳಲ್ಲಿ ಬೆಳಗಿನ ಗಾಳಿ ನೆಲದಿಂದ ಬರುತ್ತದೆ, ನೀರು ಸಮ ಇರುತ್ತದೆ. ಮಧ್ಯಾಹ್ನದ ಮೇಲೆ ಕಡಲಗಾಳಿ ಎದ್ದು ಮೇಲ್ಮೈ ಕುದಿಯತೊಡಗುತ್ತದೆ, ಗಾಡಿ ಕುಕ್ಕುತ್ತದೆ. ಸೂರ್ಯಾಸ್ತದ ಫೋಟೋ ಬೇಕೆಂದು ಎಲ್ಲರೂ ಮುಗಿಬೀಳುವ ಹೊತ್ತು ಕಡಲೂ ಒರಟು, ಜನವೂ ದಟ್ಟ, ಎದುರು ಬಿಸಿಲಿಗೆ ನೀರಿನಲ್ಲಿರುವ ತಲೆಗಳೂ ಕಾಣುವುದಿಲ್ಲ.

ಹತ್ತುವ ಮುನ್ನ ಎರಡು ರೌಂಡು ದೂರದಿಂದ ನೋಡಿ. ಸೊಂಟದ ಮಟ್ಟದ ನೀರಿಗೆ ತಳ್ಳಿಕೊಂಡು ಹೋಗಿ ಅಲ್ಲಿ ಸ್ಟಾರ್ಟ್ ಮಾಡುವವನು ಯಂತ್ರ ಬಲ್ಲವನು. ಆಳವಿಲ್ಲದಲ್ಲಿ ಸ್ಟಾರ್ಟ್ ಮಾಡಿದರೆ ಪಂಪು ಮರಳು ಹೀರಿ ಹಾಳಾಗುತ್ತದೆ. ದಾರ ಅವನ ಮಣಿಕಟ್ಟಿನಲ್ಲಿರಬೇಕು, ನಿಮ್ಮ ಜಾಕೆಟ್ಟಿನ ಬಕಲ್‌ಗಳನ್ನು ಅವನೇ ಎಳೆದು ನೋಡಬೇಕು. ಜೊತೆಗೆ ಬಂದ ಮಗುವನ್ನೂ ನಡುವೆ ತೂರಿಸಿ ‘ಏನಾಗಲ್ಲ ಸರ್’ ಎಂದನೋ, ಹಣ ಕೊಟ್ಟಿದ್ದರೂ ಸರಿ, ಹತ್ತಬೇಡಿ.